ಸ್ಪ್ರಿಂಗ್ ಮುರಿದ ಚಳಿಗಾಲ

ಮೊನ್ನೆ ಬುಧವಾರ ಮಧ್ಯಾಹ್ನ ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ನನ್ನ ಶೆಡ್ಡಿಗೆ ಬಂತು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಓಡಿಸುವ ಹಳೆಯ ಟೂ-ಸ್ಟ್ರೋಕ್ ಬೈಕಿನ ನೀಲಿ ಹೊಗೆ ಅದು, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಬಸವಕಲ್ಯಾಣದ ಆಟೊ ನಗರದಲ್ಲಿ ಲಾರಿಗಳ ನಡುವೆ ದಿನವಿಡೀ ಡೀಸೆಲ್ ಕುಡಿಯುವ ಮೂಗಿಗೆ ಆ ವಾಸನೆ ತಕ್ಷಣ ಗೊತ್ತಾಗುತ್ತದೆ. ವಾಸನೆಯ ಹಿಂದೆ ಸದ್ದು ಬಂತು. ಸದ್ದು ಕೇಳಿದ್ದೇ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟೆ. ಹುಮನಾಬಾದಿಗೂ ನಮ್ಮೂರಿಗೂ ನಡುವೆ ಆ ದನಿಯ ಗಾಡಿ ಇರುವುದು ಒಂದೇ, ನನ್ನ ಗೆಳೆಯ ಶಿವರಾಜನದು.

ಆದರೆ ಹೆಲ್ಮೆಟ್ ತೆಗೆದಾಗ ಕಂಡದ್ದು ಹುಮನಾಬಾದಿನ ಇರ್ಫಾನನ ಮುಖ. ಶಿವರಾಜ ಜೊತೆಗಿರಲಿಲ್ಲ. ಇರ್ಫಾನ್ ಬಂದ, ಸ್ಟೂಲಿನ ಮೇಲೆ ಕುಳಿತ, ಚಹಾ ಕುಡಿದ, ಒಂದು ಮಾತು ಕೇಳಿದ, ಹೋದ. ಬೇರೆ ಕೆಲಸವೇನೂ ಇರಲಿಲ್ಲ ಅವನಿಗೆ. ಅವನು ಕೇಳಿದ ಮಾತು ಎಷ್ಟು ತೂಕದ್ದೆಂದು ತಿಳಿಯಬೇಕಾದರೆ ಎರಡು ವರ್ಷದ ಹಿಂದಿನ ಚಳಿಗಾಲ ನೆನಪಾಗಬೇಕು. ಹೊಗೆ ಶೆಡ್ಡಿನ ತಗಡಿನ ಕೆಳಗೆ ಬಹಳ ಹೊತ್ತು ನಿಂತಿತ್ತು. ನನಗೆ ಎಲ್ಲವೂ ನೆನಪಾಯಿತು.

ನನಗೆ ಹತ್ತನೆಯ ತರಗತಿಯಿಂದಲೂ ದಿನಚರಿ ಬರೆಯುವ ರೂಢಿ. ತಾರೀಖು, ಹವೆ, ಮಾಡಿದ ಕೆಲಸ, ಇಷ್ಟೇ. ಲೆಕ್ಕ ಇಡುವುದು ನನಗೆ ಒಂದು ಚಟ. ಎಣಿಸದೆ ಬಿಟ್ಟದ್ದು ನಡೆದೇ ಇಲ್ಲವೆನಿಸುತ್ತದೆ. ಆ ಚಳಿಗಾಲದ ಪುಟಗಳಲ್ಲಿ ಎರಡು ಸಾಲು ಗೆರೆಗಳಿವೆ. ಎಡಗಡೆ ಶಿವರಾಜನ ಬೈಕಿನಲ್ಲಿ ಮುರಿದ ಸ್ಪ್ರಿಂಗುಗಳು. ಬಲಗಡೆ ಶಿವರಾಜ ನನ್ನೆದುರು ಇರ್ಫಾನನ ಹೆಸರು ಹೇಳಿದ ಸಲಗಳು. ಬಲಗಡೆಯದು ಯಾವಾಗಲೂ ಉದ್ದವಿತ್ತು.

ಶಿವರಾಜನೂ ನಾನೂ ಐಟಿಐಯಲ್ಲಿ ಒಂದೇ ಬೆಂಚಿನವರು. ಅವರ ಮನೆಯ ದನದ ಕೊಟ್ಟಿಗೆಯಲ್ಲಿ ಮೇವಿನ ಹಿಂದೆ ಬಿದ್ದಿದ್ದ ಆ ಬೈಕನ್ನು ಎಬ್ಬಿಸಿದ್ದು ನಾವಿಬ್ಬರು. ನಾವಿಬ್ಬರು ಎಂದರೆ ಇಂಜಿನ್ ಬಿಚ್ಚಿದ್ದು ನಾನು, ಪಕ್ಕದಲ್ಲಿ ಕುಳಿತು ಶೇಂಗಾ ಸುಲಿದದ್ದು ಅವನು. ಸುಲಿದದ್ದರಲ್ಲಿ ಅರ್ಧ ನನ್ನ ಬಾಯಿಗೆ ಹಾಕುತ್ತಿದ್ದ, ಯಾಕೆಂದರೆ ನನ್ನ ಕೈ ತುಂಬ ಗ್ರೀಸು. ಅವನ ತಾಯಿಯನ್ನು ನಾನು ಕಾಕು ಎನ್ನುತ್ತೇನೆ. ಕಾಕು ನಮ್ಮನ್ನು ನೋಡಿ, "ಒಬ್ಬ ದುಡೀತಾನ, ಒಬ್ಬ ಉಣಸ್ತಾನ, ಇಬ್ಬರಿಗೂ ಬ್ಯಾರೆ ಹೆಂಡ್ತಿ ಯಾಕ ಬೇಕ್ರೋ!" ಎಂದು ನಗುತ್ತಿದ್ದರು.

ಶಿವರಾಜನ ಸೋದರಮಾವನಿಗೆ ಹುಮನಾಬಾದಿನಲ್ಲಿ ಹೆದ್ದಾರಿಗೆ ಮುಖ ಮಾಡಿದ ಮಳಿಗೆಗಳಿವೆ. ಒಂದು ಮಳಿಗೆ ಹೋಳಿ ಆದ ಮೇಲೆ ಖಾಲಿಯಾಗುವುದಿತ್ತು. ಅದನ್ನು ಶಿವರಾಜನಿಗೆ ಬೈಕ್ ಗ್ಯಾರೇಜಿಗೆ ಕೊಡುವುದೆಂದು ಮಾಮಾ ಮಾತು ಕೊಟ್ಟಿದ್ದರು. ಷರತ್ತು ಒಂದೇ. "ನೀನೊಬ್ಬ, ನಿನ್ನ ಜೋಡಿ ಒಬ್ಬ ಮಿಸ್ತ್ರಿ. ಮೂರನೇದಾಂವ ಬ್ಯಾಡ. ಅದು ಮೂರ್ ಮಂದಿ ಹೊಟ್ಟಿ ತುಂಬೂ ಅಂಗಡಿ ಅಲ್ಲ." ಆ ಒಬ್ಬ ಮಿಸ್ತ್ರಿ ಯಾರೆಂದು ನಾನು ಕೇಳಿರಲಿಲ್ಲ. ಕೇಳುವ ಮಾತೇ ಅದಲ್ಲ ಎಂದುಕೊಂಡಿದ್ದೆ. ಆಗ ನಾನು ಆಟೊ ನಗರದಲ್ಲಿ ಬೇರೆಯವರ ಬಳಿ ಲಾರಿ ಬಾಡಿ ಕಟ್ಟುವ ಕೆಲಸದಲ್ಲಿದ್ದೆ. ಹೋಳಿ ಆದ ಮೇಲೆ ಬಿಡುತ್ತೇನೆಂದು ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟಿದ್ದೆ.

ದಸರಾ ಮುಗಿದ ವಾರ ಶಿವರಾಜ ಮಳಿಗೆ ನೋಡಿ ಬರಲು ಹುಮನಾಬಾದಿಗೆ ಹೋದ. ಬರುವಾಗ ಬೈಕಿನ ಹಳೆಯ ಸೈಲೆನ್ಸರ್ ಗೋಣಿಚೀಲದಲ್ಲಿತ್ತು. ಅದರ ಜಾಗದಲ್ಲಿ ಹೊಳೆಯುವ ಬೇರೊಂದು ಪೈಪು ಇತ್ತು, ಇಲಿ ನುಂಗಿ ಮಲಗಿದ ಹಾವಿನಂತೆ ನಡುವೆ ಉಬ್ಬಿದ್ದು.

"ಇರ್ಫಾನ್ ಮಾಡಿದ್ದಲೇ. ಕೈಲೆ. ಸದ್ದು ಕೇಳು, ಸದ್ದು ಕೇಳು!" ಎಂದು ಕಿಕ್ ಹೊಡೆದ.

ಇರ್ಫಾನನ ತಂದೆ ಹುಮನಾಬಾದಿನಲ್ಲಿ ತಗಡಿನ ಟ್ರಂಕು, ಡಬ್ಬಿ, ಎಣ್ಣೆ ಸುರಿಯುವ ಆಲಿಕೆ ಮಾಡುವವರು. ಆಲಿಕೆ ಮಾಡುವ ಕೈಗೆ ಪೈಪಿನ ಉಬ್ಬು ತಗ್ಗು ಕಷ್ಟವೇನಲ್ಲ. ಒಂದು ಆಲಿಕೆ ಹಿಗ್ಗುತ್ತ ಹೋಗಬೇಕು, ಇನ್ನೊಂದು ಕುಗ್ಗುತ್ತ ಬರಬೇಕು, ಎರಡನ್ನೂ ಸರಿಯಾದ ಉದ್ದಕ್ಕೆ ಕತ್ತರಿಸಿ ಬೆಸೆಯಬೇಕು. ಸರಿಯಾದರೆ ಅದೇ ಇಂಜಿನ್ ಒಂದೂವರೆ ಇಂಜಿನ್ನಿನಂತೆ ಓಡುತ್ತದೆ. ಸರಿಯಾಗಿತ್ತು. ಬೆಸುಗೆಯ ಸಾಲನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಅವ್ವಂದಿರು ಕರಿಗಡಬಿನ ಅಂಚು ಮಡಿಸಿದಷ್ಟು ಸಮನಾಗಿತ್ತು. ಕೆಟ್ಟದಾಗಿದ್ದರೆ ನಾನು ಸುಖವಾಗಿರುತ್ತಿದ್ದೆ.

ಇಂಥ ಪೈಪನ್ನು ಇಂಜಿನ್ನಿಗೆ ಬೋಲ್ಟ್ ಹಾಕಿ ಬಿಗಿಯುವುದಿಲ್ಲ. ಪೈಪಿನ ಬಾಯಿ ಇಂಜಿನ್ನಿನ ಮೂತಿಯ ಮೇಲೆ ಸಡಿಲವಾಗಿ ಕೂತಿರುತ್ತದೆ, ಎರಡು ಸ್ಪ್ರಿಂಗುಗಳು ಅದನ್ನು ಎಳೆದು ಹಿಡಿದಿರುತ್ತವೆ. ಹಿಂದಿನ ತುದಿ ಮಾತ್ರ ಒಂದು ಬೋಲ್ಟಿನಿಂದ ಗಾಡಿಯ ಚೌಕಟ್ಟಿಗೆ ಸೇರುತ್ತದೆ. ಎಲ್ಲವನ್ನೂ ಇರ್ಫಾನನೇ ಹಾಕಿ ಕೊಟ್ಟಿದ್ದ.

ಕಾಕು ಹೊರಗೆ ಬಂದು ಪೈಪು ನೋಡಿದರು. ಬಿಸಿಲಿಗೆ ಅವರ ಕಣ್ಣು ಕೋರೈಸಿತು.

"ಎಷ್ಟ್ ಹೊಳಿತದೋ ಯಪ್ಪಾ! ಮಂದಿ ಕಣ್ಣು ಸುಮ್ನ ಬಿಡತದೇನು?" ಎಂದವರೇ ಕೊಟ್ಟಿಗೆಯ ಬಾಗಿಲಿಗೆ ಹೊಡೆದಿದ್ದ ಕುದುರೆಯ ಲಾಳ, ಅವರ ಬಾಯಲ್ಲಿ ನಾಲ, ಕಿತ್ತು ತಂದರು. "ಶಿವ್ಯಾ, ಇದು ಹಚ್ಚದ ಗಾಡಿ ಹೊರಗ ಒಯ್ಯಬ್ಯಾಡ."

"ಎಲ್ಲಿ ಹಚ್ಚಲಿ ಅವ್ವಾ?"

"ಎಲ್ಲಿ ಹೊಳಿತದೊ ಅಲ್ಲೇ ಹಚ್ಚು."

ನಾನು ಕೆಲಸಕ್ಕೆ ಹೊರಟಾಗ ಶಿವರಾಜ ಪೈಪಿನ ಹಿಂಬದಿ ಕುಕ್ಕರಗಾಲಲ್ಲಿ ಕುಳಿತು ಬೋಲ್ಟ್ ಬಿಚ್ಚುತ್ತಿದ್ದ. ಮರುದಿನ ಲಾಳ ಅಲ್ಲಿತ್ತು. ನಾನು ಅದನ್ನು ನೋಡಿದೆ, ನೋಡಲಿಲ್ಲ ಎಂದರೂ ನಡೆಯುತ್ತದೆ. ಆಟೊ ನಗರದಲ್ಲಿ ಲಾಳ, ಹಳೆ ಚಪ್ಪಲಿ, ಕರಿ ಕುಚ್ಚು ಇಲ್ಲದ ಲಾರಿ ಹೊರಗೆ ಬಿದ್ದದ್ದೇ ಇಲ್ಲ. ನಾನೇ ಎಷ್ಟೋ ಬಂಪರುಗಳಿಗೆ ಲಾಳ ಹಚ್ಚಿದ್ದೇನೆ. ಮನುಷ್ಯನ ಮುಖದಲ್ಲಿ ಕಿವಿ ಇದೆಯೇ ಎಂದು ಯಾರೂ ಪರೀಕ್ಷಿಸುವುದಿಲ್ಲ.

ಮೊದಲ ಸ್ಪ್ರಿಂಗ್ ಮುರಿದದ್ದು ದೀಪಾವಳಿ ಪಾಡ್ಯದ ದಿನ. ಶಿವರಾಜನ ಹಿಂದೆ ನಾನು ಕುಳಿತಿದ್ದೆ. ಹೆದ್ದಾರಿ ಕೂಡುವ ಬಂಗ್ಲಾ ಕ್ರಾಸು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಟಣ್ ಎಂದಿತು. ಕೂಡಲೇ ಹಾಡುತ್ತಿದ್ದ ಪೈಪು ಒಡೆದ ಗಂಟಲಿನಲ್ಲಿ ಪಟಪಟ ಒದರತೊಡಗಿತು, ಬಿಸಿ ಹೊಗೆ ನನ್ನ ಮೊಣಕಾಲಿಗೆ ಬಡಿಯಿತು. ಇಳಿದು ನೋಡಿದರೆ ಒಂದು ಸ್ಪ್ರಿಂಗ್ ಇರಲಿಲ್ಲ, ಅದರ ಕೊಕ್ಕೆಯ ತುಂಡು ಮಾತ್ರ ಸಿಕ್ಕಿಕೊಂಡಿತ್ತು. ಶಿವರಾಜ ರಸ್ತೆಯಲ್ಲಿ ಹಿಂದೆ ನಡೆದು ಸ್ಪ್ರಿಂಗ್ ಹುಡುಕುತ್ತಿದ್ದಾಗ ನಾನು ಅವನ ಬೆನ್ನು ನೋಡುತ್ತ ನಿಂತೆ. ನನ್ನೊಳಗೆ ಯಾರೋ ಖುಷಿಯ ಸುರಸುರಬತ್ತಿ ಹಚ್ಚಿದಂತಿತ್ತು.

"ಇರ್ಫಾನ್ ಹೇಳಿದ್ದ, ಹೊಸಾದು ಅದ, ಒಂದೆರಡು ದಿನ ನೋಡ್ಕೋ ಅಂತ," ಎಂದ ಶಿವರಾಜ.

"ಮತ್ತೇನೇನು ಹೇಳ್ಯಾನ ನಿಮ್ಮ ಇರ್ಫಾನ್?"

"ಯಾಕಲೇ, ಮಾರಿ ಹಿಂಗ ಮಾಡಾಕತ್ತಿ?"

"ಹೊಗಿ ಬಡೀತು," ಎಂದೆ.

ಆಮೇಲೆ ಮುರಿಯುವುದು ನಿಲ್ಲಲಿಲ್ಲ. ಮಂಠಾಳದ ಹೊಲಕ್ಕೆ ಹೋಗುವಾಗ ಒಂದು, ಘಾಟಬೋರಾಳಕ್ಕೆ ಮದುವೆಗೆ ಹೋದಾಗ ಒಂದು. ನಾನು ನನ್ನ ಕ್ರಮದಲ್ಲಿ ಹೋದೆ. ಮೊದಲು ಗಟ್ಟಿ ಸ್ಪ್ರಿಂಗ್ ಹಾಕಿದೆ, ಸ್ಕೂಟರಿನ ಸ್ಟ್ಯಾಂಡಿನದು. ಅದು ಇನ್ನೂ ಬೇಗ ಹೋಯಿತು. ಆಮೇಲೆ ಸ್ವಲ್ಪ ಉದ್ದದ್ದು, ಹೆಚ್ಚು ಎಳೆಯದಂಥದು. ಅದೂ ಹೋಯಿತು. ಸ್ಪ್ರಿಂಗಿನ ಸುರುಳಿಗೆ ಬಿಸಿ ತಡೆಯುವ ಗೋಂದು ಸವರಿ ನಡುಗದಂತೆ ಮಾಡಿದೆ. ಒಂದು ವಾರ ಬಾಳಿತು, ಹೋಯಿತು. ಎಲ್ಲವೂ ಕೊಕ್ಕೆಯ ಬಾಗಿನಲ್ಲೇ ಮುರಿಯುತ್ತಿದ್ದವು. ಮುರಿದ ಮುಖವನ್ನು ಬಿಸಿಲಿಗೆ ಹಿಡಿದರೆ ಅರ್ಧ ನುಣುಪು, ಅರ್ಧ ಒರಟು ಕಾಣುತ್ತಿತ್ತು. ಒಂದೇ ಏಟಿಗೆ ಜಗ್ಗಿ ಹರಿದದ್ದಲ್ಲ ಅದು; ದಿನಾ ಸ್ವಲ್ಪ ಸ್ವಲ್ಪ ಅಲುಗಿ ಅಲುಗಿ ದಣಿದು ಮುರಿದದ್ದು. ಹಾಗಾದರೆ ಪೈಪು ಓರೆಯಾಗಿರಬೇಕು, ಅಂದರೆ ತಪ್ಪು ಇರ್ಫಾನನದು. ಸ್ಪ್ರಿಂಗ್ ತೆಗೆದು, ಪೈಪಿನ ಬಾಯಿ ತಾನಾಗಿ ಇಂಜಿನ್ನಿನ ಮೂತಿಗೆ ನೇರ ಕೂರುತ್ತದೆಯೋ ಎಂದು ನೋಡಿದೆ. ಟೋಪಿಯಂತೆ ಕೂತಿತು. ಇನ್ನೊಮ್ಮೆ ನೋಡಿದೆ. ಮತ್ತೂ ಕೂತಿತು. ಪರೀಕ್ಷೆಯ ಉತ್ತರ ನನಗೆ ಬೇಡವಾದದ್ದರಿಂದ ಅದನ್ನು ಯಾರಿಗೂ ಹೇಳಲಿಲ್ಲ, ದಿನಚರಿಯಲ್ಲಿ "ಪೈಪು ಬಹುಶಃ ಓರೆ" ಎಂದು ಬರೆದೆ.

ಹುಮನಾಬಾದಿನಲ್ಲಿ ಇರ್ಫಾನ್ ತನ್ನ ಕ್ರಮದಲ್ಲಿ ಹೋಗುತ್ತಿದ್ದ. ಅವನ ಪ್ರಕಾರ ನಾನು ಕಟ್ಟಿದ ಇಂಜಿನ್ನೇ ಸಡಿಲ. ಒಮ್ಮೆ ಶಿವರಾಜ ನಮ್ಮಿಬ್ಬರನ್ನೂ ಇರ್ಫಾನನ ತಂದೆಯ ಅಂಗಡಿಯ ಮುಂದೆ ಎದುರುಬದುರು ನಿಲ್ಲಿಸಿದ. ಇರ್ಫಾನ್ ನನಗಿಂತ ಕುಳ್ಳ, ನಗುವಾಗ ಕಣ್ಣೇ ಕಾಣುವುದಿಲ್ಲ. ಎಲ್ಲರಿಗೂ ಇಷ್ಟವಾಗುವಂಥ ಮುಖ. ಅದೂ ನನಗೆ ಆಗಲಿಲ್ಲ.

"ಭಾಯ್, ನಿನ್ನ ಇಂಜಿನ್ ಕುಣಿಯಾಕತ್ತದ, ನನ್ನ ಪೈಪ್ ಹಾಡಾಕತ್ತದ," ಎಂದ. "ಕುಣಿಯೋರ ಕಾಲಾಗ ಹಾಡೋರು ಯಾಕ ಸಿಗಬೇಕು?"

"ಹಾಡು ಬಂಗ್ಲಾ ತನಕ ಬರೂದ್ರಾಗ ಗಂಟಲ ಹರಕೋತದಲ್ಲ."

"ಕುಣಿಯೂದು ನಿಂತ್ರ ಹರಿಯಂಗಿಲ್ಲ."

ಅವನು ಬಗ್ಗಿ ಇಂಜಿನ್ನಿನ ಬೋಲ್ಟುಗಳನ್ನು ಅಲುಗಿಸಿ ನೋಡಿದ. ಒಂದೂ ಅಲುಗಲಿಲ್ಲ. ನಾನು ಬಗ್ಗಿ ಅವನ ಬೆಸುಗೆ ನೋಡಿದೆ. ಎಲ್ಲೂ ಬಿರುಕಿರಲಿಲ್ಲ. ಇಬ್ಬರೂ ಎದ್ದು ನಿಂತು ಕೈ ಒರೆಸಿಕೊಂಡೆವು. ಒಳಗೆ ಟ್ರಂಕಿನ ಮೇಲೆ ಹರಟೆಗೆ ಕುಳಿತಿದ್ದ ಶಿವರಾಜನ ಮಾಮಾ ಎಲೆ ಅಡಿಕೆ ಜಗಿಯುತ್ತ, "ಇಬ್ಬರು ಹಕೀಮರು, ಒಂದು ಸ್ಪ್ರಿಂಗ್," ಎಂದರು. "ಶಿವ್ಯಾ, ಇವರೊಳಗ ಯಾಂವಂದು ತಪ್ಪಂತ ಮೊದಲ ತಿಳ್ಕೋ. ತಪ್ಪಿದಾಂವನ್ನ ಮಳಿಗ್ಯಾಗ ಕೂಡಸಂಗಿಲ್ಲ ನಾನು."

ಹೀಗೆ ಮಳಿಗೆ ಆ ಸ್ಪ್ರಿಂಗಿನ ಕೊಕ್ಕೆಗೆ ನೇತುಬಿತ್ತು. ಮರಳುವಾಗ ಶಿವರಾಜ ದಾರಿಯುದ್ದಕ್ಕೂ ಅವನ ಸುದ್ದಿಯನ್ನೇ ಹೇಳಿದ. ಇರ್ಫಾನ್ ಕಣ್ಣಳತೆಯಲ್ಲೇ ತಗಡು ಕತ್ತರಿಸುತ್ತಾನೆ, ಅವನ ಮನೆಯಲ್ಲಿ ಖೀಮಾ ಹೀಗಿರುತ್ತದೆ, ಅವನು ಗಾಡಿಯ ಸದ್ದಿನ ವಿಡಿಯೊ ಹಾಕಿದರೆ ಮಹಾರಾಷ್ಟ್ರದಿಂದ ಫೋನು ಬರುತ್ತದೆ. ಶಿವರಾಜನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಆ ವಿಡಿಯೊ ಇತ್ತು. ನಾನು ಅದನ್ನು ನೋಡಿದೆನೆಂದು ಅವನಿಗೆ ತಿಳಿಯಬಾರದೆಂದು ನನ್ನ ತಂಗಿಯ ಫೋನಿನಲ್ಲಿ ನೋಡಿದೆ.

ಆ ದಿನಗಳ ಚಳಿ ನೆನಪಿದೆ. ಬೆಳಗ್ಗೆ ಆಟೊ ನಗರದಲ್ಲಿ ಕಬ್ಬಿಣ ಮುಟ್ಟಿದರೆ ಕೈಗೆ ಅಂಟಿಕೊಳ್ಳುವಂತಿತ್ತು. ಹಳೆ ಟೈರಿನ ತುಂಡು ಸುಟ್ಟು ಅಂಗೈ ಕಾಯಿಸಿಕೊಳ್ಳುತ್ತಿದ್ದೆವು. ಬೆಂಕಿಯ ಮುಂದೆ ಕುಳಿತು ನಾನು ಒಂದೇ ವಿಷಯ ಯೋಚಿಸುತ್ತಿದ್ದೆ: ಮುರಿಯಲಿ. ಇನ್ನೊಂದೆರಡು ಮುರಿಯಲಿ. ಆಗ ಶಿವರಾಜ ತಾನೇ ಆ ಪೈಪು ಬಿಚ್ಚಿ ಗೋಣಿಚೀಲದಲ್ಲಿ ಹಾಕುತ್ತಾನೆ, ಹಳೆಯ ಸೈಲೆನ್ಸರ್ ಹಚ್ಚಲು ನನ್ನನ್ನು ಕರೆಯುತ್ತಾನೆ, ಶೇಂಗಾ ಸುಲಿಯುತ್ತಾನೆ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಅಂದು ನಮ್ಮ ಕಡೆ ಊರಲ್ಲಿ ಯಾರೂ ಉಳಿಯುವುದಿಲ್ಲ, ಎಲ್ಲರೂ ಹೊಲಕ್ಕೆ ಹೋಗಿ ಉಣ್ಣುತ್ತಾರೆ. ಶಿವರಾಜನ ಹೊಲ ಮಂಠಾಳದ ಹತ್ತಿರ. ಪ್ರತಿ ವರ್ಷ ಅಂಬಲಿಯ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಬೈಕಿನ ಹಿಂದೆ ಕೂರುವವನು ನಾನು. ಗಡಿಗೆ ತುಳುಕದಂತೆ ಹಿಡಿಯುವುದು ನನ್ನ ಹೆಮ್ಮೆಯ ಕೆಲಸ. ಆ ವರ್ಷ ನಾನು ಅವರ ಮನೆ ಮುಟ್ಟುವ ಹೊತ್ತಿಗೆ ಗಡಿಗೆ ಇರ್ಫಾನನ ತೊಡೆಯ ಮೇಲಿತ್ತು. ಮೊದಲ ಸಲ ಎಳ್ಳಮಾಸಿ ನೋಡಲು ಬಂದಿದ್ದಾನಂತೆ.

"ಸಂತ್ಯಾ, ನೀ ಟ್ರ್ಯಾಕ್ಟರದಾಗ ಬಾರಲೇ," ಎಂದ ಶಿವರಾಜ, ನನ್ನ ಮುಖ ನೋಡದೆ ಕಿಕ್ ಹೊಡೆಯುತ್ತ. "ಪಾಪ, ಅಂವಗ ದಾರಿ ಗೊತ್ತಿಲ್ಲ."

ಹಿಂದೆ ಕೂತವನಿಗೆ ದಾರಿ ಗೊತ್ತಿದ್ದು ಏನಾಗಬೇಕು ಎಂದು ಯಾರೂ ಕೇಳಲಿಲ್ಲ. ನಾನು ಟ್ರಾಲಿಯಲ್ಲಿ ಹೆಂಗಸರ, ಬುತ್ತಿಯ ಬುಟ್ಟಿಗಳ ನಡುವೆ ಕುಳಿತೆ. ಬೈಕು ಮುಂದೆ ಹೋಯಿತು. ದಾರಿ ಕೆಟ್ಟದ್ದು, ಕಲ್ಲು, ಗಾಲಿಯ ಗುಂಡಿ. ನಾನು ಕಿವಿ ನಿಮಿರಿಸಿ ಕುಳಿತಿದ್ದೆ: ಈಗ ಟಣ್ ಎನ್ನುತ್ತದೆ, ಈಗ ಪಟಪಟ ಎನ್ನುತ್ತದೆ, ಅಂಬಲಿ ಅವನ ತೊಡೆಯ ಮೇಲೆ ಚೆಲ್ಲುತ್ತದೆ. ಪೈಪು ಹಾಡುತ್ತಲೇ ಜೋಳದ ಬೆಳೆಯ ಆಚೆ ಮರೆಯಾಯಿತು.

ಹೊಲದಲ್ಲಿ ಜೋಳ ಹಾಲುಗಾಳಿನಲ್ಲಿತ್ತು, ಕಡಲೆ ಹೂ ಬಿಟ್ಟಿತ್ತು. ಜೋಳದ ದಂಟಿನ ಕೊಂಪೆ ಕಟ್ಟಿ ಪೂಜೆ ಮಾಡಿದರು, ಎಡೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲಿದರು. ಎಲ್ಲರೂ ಸಾಲಾಗಿ ಕುಳಿತು ಸಜ್ಜಿ ರೊಟ್ಟಿ, ಭಜ್ಜಿ ಉಂಡೆವು. ನಮ್ಮ ಕಡೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಹಸಿ ಕಾಳು, ಸೊಪ್ಪು, ಹುಣಸೆ ಎಲ್ಲ ಕೂಡಿಸಿ ಕುದಿಸಿದ್ದು. ಕಾಕು ಇರ್ಫಾನನ ತಾಟಿಗೆ ಮತ್ತೊಂದು ಸೌಟು, ಮತ್ತೊಂದು ಸೌಟು ಹಾಕುತ್ತಿದ್ದರು.

"ಬಸ್ ಆಯ್ತು ಅಮ್ಮಾ, ಪೈಪ್ ಹಂಗ ಹೊಟ್ಟಿ ಉಬ್ಬತದ!"

"ಉಬ್ಬಲಿ ತಗೋ. ಉಬ್ಬಿದ್ರೇ ಛಲೋ ಓಡ್ತೀರಂತಲ್ಲ ನೀವು."

ಎಲ್ಲರೂ ನಕ್ಕರು. ನನಗೆ ಎರಡನೇ ಸೌಟು ಬೇಕೇ ಎಂದು ಕೇಳಲು ಕಾಕು ಮರೆತರು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಬೈಕಿನ ಕಡೆ ಹೋದೆ. ಒಂದಾದರೂ ಮುರಿದಿರಲೇಬೇಕು. ಬಗ್ಗಿ ನೋಡಿದೆ. ಎರಡೂ ಸ್ಪ್ರಿಂಗ್ ಇದ್ದವು. ಬೆರಳಿನಿಂದ ಮೀಟಿದೆ. ಗಟ್ಟಿಯಾಗಿದ್ದವು. ಅಷ್ಟು ಕೆಟ್ಟ ದಾರಿಯಲ್ಲಿ, ಇಬ್ಬರ ಭಾರದಲ್ಲಿ! ನಿಜ ಹೇಳಬೇಕೆಂದರೆ ನನಗೆ ಅಳು ಬರುವಂತಾಯಿತು.

ಆಗಲೇ ಹಿಂದಿನಿಂದ ಕಾಕು ಕೂಗಿದರು. "ಅಯ್ಯಯ್ಯೋ ಶಿವ್ಯಾ! ನಾಲ ಎಲ್ಲಿ ಅದನೋ?"

ಎಳ್ಳಮಾಸಿಗೆ ಮನೆಯ ಕಬ್ಬಿಣವನ್ನೆಲ್ಲ ಹುಣಸೆಹಣ್ಣಿನಲ್ಲಿ ತೊಳೆದು ಕುಂಕುಮ ಹಚ್ಚುವುದು ಅವರ ಮನೆಯ ಪದ್ಧತಿ. ಕುಡಗೋಲು, ಕೊಡಲಿಗಳ ಜೊತೆ ಬೈಕಿನ ಲಾಳವೂ ಬಿಚ್ಚಿಕೊಂಡು ದೇವರ ಮುಂದೆ ಕೂತಿತ್ತು. ಹೊರಡುವ ಗಡಿಬಿಡಿಯಲ್ಲಿ ಶಿವರಾಜ ಅದನ್ನು ಅಲ್ಲೇ ಬಿಟ್ಟಿದ್ದ.

"ಮನ್ಯಾಗ ಉಳೀತು ಅವ್ವಾ. ಬೋಲ್ಟ್ ಖಾಲಿ ಬಿಟ್ರ ಗಡಗಡ ಅಂತಿತ್ತು, ಅದಕ್ಕ ಆ ಹಳೇ ರಬ್ಬರ್ ತುಂಡು ಹಾಕಿ ಬಿಗದ್ ಬಂದೀನಿ."

"ಯಾವ ರಬ್ಬರ್?" ಎಂದೆ ನಾನು.

"ಅದೇ, ಇರ್ಫಾನ್ ಮೊದಲ ಹಾಕಿದ್ದ ನೋಡು. ನಾಲ ಹಚ್ಚೂಮುಂದ ಬೋಲ್ಟ್ ಗಿಡ್ಡ ಬಿತ್ತು, ಎರಡೂ ಕೂಡ್ಲಿಲ್ಲ. ರಬ್ಬರ್ ತಗದು ಡಬ್ಬ್ಯಾಗ ಒಗದಿದ್ದೆ."

ನಾನು ಪೈಪಿನ ಹಿಂದಿನ ತುದಿ ನೋಡಿದೆ. ಪೈಪಿಗೂ ಚೌಕಟ್ಟಿಗೂ ನಡುವೆ ದಪ್ಪ ಕರಿ ರಬ್ಬರ್ ಕೂತಿತ್ತು. ಇಷ್ಟು ದಿನ ಅದೇ ಜಾಗದಲ್ಲಿ ಕಬ್ಬಿಣದ ಲಾಳವಿತ್ತು. ಪೈಪಿನ ಬಾಲ ಕಬ್ಬಿಣಕ್ಕೆ ಕಬ್ಬಿಣವಾಗಿ ಚೌಕಟ್ಟಿಗೆ ಬಿಗಿದು ನಿಂತಿತ್ತು. ಇತ್ತ ತಲೆಯ ಕಡೆ ಇಂಜಿನ್ ತನ್ನ ಸ್ವಭಾವದಂತೆ ನಡುಗುತ್ತಿತ್ತು. ಪೈಪಿಗೆ ಅದರ ಜೊತೆ ಅಲುಗಲು ದಾರಿಯಿರಲಿಲ್ಲ. ಆ ನಡುಕವನ್ನೆಲ್ಲ ನುಂಗಬೇಕಾದದ್ದು ಎರಡು ಸ್ಪ್ರಿಂಗಿನ ಸಣ್ಣ ಕೊಕ್ಕೆಗಳು. ರಬ್ಬರ್ ಇದ್ದರೆ ಬಾಲವೂ ಅಲುಗುತ್ತದೆ, ಸ್ಪ್ರಿಂಗ್ ಬದುಕುತ್ತದೆ. ಪೈಪು ಓರೆಯಲ್ಲ. ಇಂಜಿನ್ ಸಡಿಲವಲ್ಲ. ನಾವಿಬ್ಬರೂ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಪ್ಪು ಹುಡುಕುತ್ತಿದ್ದಾಗ, ತಪ್ಪು ಇಬ್ಬರ ಕೆಲಸವೂ ಅಲ್ಲದ ಜಾಗದಲ್ಲಿ ಕುಂಕುಮ ಹಚ್ಚಿಕೊಂಡು ಕೂತಿತ್ತು.

ನಾನು ಸುಮ್ಮನಿರಬಹುದಿತ್ತು. ಮನೆಗೆ ಹೋದ ಕೂಡಲೇ ಕಾಕು ಲಾಳ ಹಚ್ಚಿಸುತ್ತಿದ್ದರು, ವಾರದೊಳಗೆ ಟಣ್ ಎನ್ನುತ್ತಿತ್ತು, ಹೋಳಿಯ ತನಕ ಇನ್ನೂ ಎಷ್ಟೋ ವಾರಗಳಿದ್ದವು. ಆದರೂ ಬಾಯಿ ಬಿಟ್ಟೆ. ಒಳ್ಳೆಯತನದಿಂದಲ್ಲ. ಇರ್ಫಾನನಿಗೆ ಸಿಗದದ್ದು ನನಗೆ ಸಿಕ್ಕಿತೆಂದು ಶಿವರಾಜ ಅದೇ ಕ್ಷಣ ನೋಡಬೇಕಿತ್ತು, ಅಷ್ಟೇ. ಎಲ್ಲರನ್ನೂ ಕರೆದು, ಗಾಡಿಯ ಪೆಟ್ಟಿಗೆಯ ಪಾನಾ ತೆಗೆದು ಬೋಲ್ಟ್ ತೋರಿಸಿ, ಪಾಠ ಹೇಳುವ ಮೇಷ್ಟ್ರಂತೆ ಒಂದೊಂದೇ ಬಿಡಿಸಿ ಹೇಳಿದೆ. ಹೇಳಿ ಮುಗಿಸಿ ಶಿವರಾಜನ ಮುಖ ನೋಡಿದೆ.

ಅವನ ಮುಖ ಅರಳಿತು. ಕೈ ಎತ್ತಿ ಕೂಗಿದ. "ಅಂದ್ರ ಪೈಪ್ ಸರಿ ಇತ್ತಲ್ಲೋ! ನಿನ್ನ ಪೈಪ್ ಸರಿ ಇತ್ತು ಇರ್ಫಾನ್!"

ಕೂಗುತ್ತ ಹೋಗಿ ಅವನನ್ನು ಎತ್ತಿ ಗಿರಗಿರ ತಿರುಗಿಸಿದ. ನಾನು ಬೈಕಿನ ಪಕ್ಕ ಪಾನಾ ಹಿಡಿದು ನಿಂತಿದ್ದೆ. ಕೆಳಗಿಳಿದ ಮೇಲೆ ಇರ್ಫಾನನೇ ನನ್ನ ಹತ್ತಿರ ಬಂದ, "ಶುಕ್ರಿಯಾ ಭಾಯ್. ರಬ್ಬರ್ ಅದನೋ ಇಲ್ಲೋ ಅಂತ ನನಗರ ಹೊಳೀಬೇಕಿತ್ತು," ಎಂದ. ಅವನು ಒಳ್ಳೆಯವನು ಬೇರೆ. ಸಹಿಸುವುದಕ್ಕೂ ಒಂದು ಮಿತಿಯಿದೆ.

ಕಾಕು ಮಾತ್ರ ಒಪ್ಪಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ, "ನನ್ನ ನಾಲಕ್ಕ ಯಾರೂ ಬೈಬ್ಯಾಡ್ರಿ," ಎಂದರು. "ಯಾರದರ ಕಣ್ಣಿನ ನದರ ಬಿದ್ರ ಎಲ್ಲರ ಒಂದ್ ಕಡಿ ಮುರೀಲೇಬೇಕು. ಸ್ಪ್ರಿಂಗ್ ಮುರೀತು, ಹುಡುಗನ ಕಾಲು ಉಳೀತು. ನಾಲ ತನ್ನ ಕೆಲಸ ಮಾಡ್ಯದ." ಹಾಗೆನ್ನುವಾಗ ಅವರು ನೋಡಿದ್ದು ನನ್ನನ್ನು. ಒಂದೇ ಕ್ಷಣ. ಆಮೇಲೆ ಬುತ್ತಿ ಕಟ್ಟತೊಡಗಿದರು.

ಆ ದಿನದ ಪುಟದಲ್ಲಿ ಎಡಗಡೆ ಗೆರೆ ಇಲ್ಲ. ಬಲಗಡೆ ಗೆರೆ ಎಳೆಯುವುದನ್ನು ಬಿಟ್ಟುಬಿಟ್ಟೆ.

ಆಮೇಲೆ ಸ್ಪ್ರಿಂಗ್ ಮುರಿಯಲೇ ಇಲ್ಲ. ಸಂಕ್ರಾಂತಿಯ ನಂತರ ಒಂದು ಸಂಜೆ ಶಿವರಾಜ ಆಟೊ ನಗರಕ್ಕೆ ಬಂದ. ನಾನು ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆ. ಅವನು ಅಲ್ಲೇ ಗಾಲಿಗೆ ಒರಗಿ ಕುಳಿತ. ನನಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಮಳಿಗಿಗೆ ಮಾಮಾ ಇರ್ಫಾನ್ ಅಂದಾನ."

"ಮಾಮಾ ಅಂದಾನ, ಇಲ್ಲಾ ನೀ ಅಂದಿ?"

ಚಪ್ಪಲಿ ಮಣ್ಣಿನಲ್ಲಿ ಗೆರೆ ಎಳೆಯಿತು. "ಪೈಪ್ ನೋಡಿ ಗಿರಾಕಿ ಬರಾಕತ್ತಾರಲೇ. ಅಂವ ಬೇಕಾಗ್ತಾನ. ಅಂಗಡಿ ನಡೀತಂದ್ರ ಆಮ್ಯಾಲ ನೀನೂ ಬಾ."

"ಇಲ್ಲಿ ಲಾರಿ ಕೆಲಸ ಭಾಳದ," ಎಂದೆ. ಕಣ್ಣು ಒರೆಸಿಕೊಂಡರೆ ಸೈಲೆನ್ಸರಿನ ಮಸಿ ಬಿತ್ತು ಎನ್ನಲು ಅನುಕೂಲವಾದ ಜಾಗದಲ್ಲೇ ಇದ್ದೆ.

ಹೋಳಿ ಮುಗಿದು ಅಂಗಡಿ ತೆರೆದ ದಿನ ಹೋಗದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆಂದು ಹೋದೆ. ಗೋಡೆಯ ತುಂಬ ಪೈಪುಗಳು ನೇತಾಡುತ್ತಿದ್ದವು. ಪೇಢೆ ತಿಂದೆ. ಮರಳುವಾಗ ಬಸ್ಸಿನಲ್ಲಿ ಕಾಕು ನನ್ನ ಪಕ್ಕದ ಸೀಟಿನಲ್ಲಿ ಕುಳಿತರು. ಬಂಗ್ಲಾ ಬಂದಾಗ ಕೈಚೀಲದಿಂದ ಹಳೆ ಪತ್ರಿಕೆಯಲ್ಲಿ ಸುತ್ತಿದ್ದ ಲಾಳ ತೆಗೆದು ನನ್ನ ತೊಡೆಯ ಮೇಲಿಟ್ಟರು. ಭಾರವಿತ್ತು.

"ಅಂಗಡಿಗೆ ಹಚ್ಚಬೇಕಂತ ಒಯ್ದಿದ್ದೆ. ಮನಸ್ಸಾಗಲಿಲ್ಲ. ನೀನೇ ಇಟ್ಕೋ."

"ನನಗ್ಯಾಕ ಕಾಕು? ನನ್ನ ಹತ್ರ ಏನದ ಮಂದಿ ನೋಡೂ ಹಂಗ?"

"ಇಲ್ಲಂತೇ ಕೊಡಾಕತ್ತೀನಿ." ಅವರು ಕಿಟಕಿಯ ಆಚೆ ನೋಡುತ್ತಿದ್ದರು. "ಯಾರ ಕಣ್ಣಿತ್ತಂತ ನನಗ ಗೊತ್ತಾಗಂಗಿಲ್ಲೇನು? ನನ್ನ ಕೈಯಾಗ ಉಂಡು ಬೆಳದ ಹುಡುಗ ನೀ. ಈಗ ಹಚ್ಚಬ್ಯಾಡ. ಯಾರರ ನಿನ್ನ ನೋಡಿ ಹೊಟ್ಟಿ ಉರಕೋತಾರಲ್ಲ, ಆವತ್ತ ಹಚ್ಚು. ಆಗ್ತದ ಆ ದಿನಾನೂ."

ಎರಡು ವರ್ಷ ಅದು ನನ್ನ ಸಾಮಾನಿನ ಪೆಟ್ಟಿಗೆಯ ತಳದಲ್ಲಿತ್ತು. ಈ ನಡುವೆ ನಾನು ಲಾರಿ ಬಾಡಿಯ ಕೆಲಸ ಬಿಟ್ಟು ಸ್ವಂತ ಶೆಡ್ ಹಾಕಿದೆ. ಲಾರಿಗಳ ಸೈಲೆನ್ಸರಿಗೆ ಹಳೆ ಟೈರಿನಿಂದ ರಬ್ಬರ್ ಮೌಂಟಿಂಗ್ ಕತ್ತರಿಸಿ ಹಾಕುತ್ತೇನೆ. ಆ ಚಳಿಗಾಲ ಕಲಿಸಿದ ವಿದ್ಯೆ. ಶಿವರಾಜ ಭಾನುವಾರಕ್ಕೊಮ್ಮೆ ಬರುತ್ತಾನೆ. ಶೇಂಗಾ ತರುತ್ತಾನೆ. ಸುಲಿಯುತ್ತ ಇರ್ಫಾನನ ಸುದ್ದಿ ಹೇಳುತ್ತಾನೆ: ಅವನು ಹಾಗೆ ಕತ್ತರಿಸಿದ, ಹೀಗೆ ಬೆಸೆದ. ನಾನು ಕೇಳುತ್ತೇನೆ. ಈಗಲೂ ಎಣಿಸುತ್ತೇನೆ, ಬರೆಯುವುದಿಲ್ಲ.

ಮೊನ್ನೆ ಬುಧವಾರ ಸ್ಟೂಲಿನ ಮೇಲೆ ಕುಳಿತ ಇರ್ಫಾನ್ ನನ್ನ ಶೆಡ್ಡನ್ನೆಲ್ಲ ಕಣ್ಣಲ್ಲಿ ಅಳೆದ. ಚಹಾದ ಲೋಟ ತಿರುಗಿಸುತ್ತ ಕೇಳಿದ.

"ಶಿವ್ಯಾ ಪ್ರತಿ ಇತವಾರ ಇಲ್ಲೇ ಬರ್ತಾನಂತಲ್ಲ?"

"ಬರ್ತಾನ."

"ಅಂಗಡ್ಯಾಗ ಏನರ ಕೆಟ್ಟರ ಮೊದಲ ನಿನ್ನ ಹೆಸರೇ ಭಾಯ್. ಸಂತ್ಯಾ ಇದ್ದಿದ್ರ ಇಲ್ಲಿ ನೋಡ್ತಿದ್ದ, ಸಂತ್ಯಾ ಇದ್ದಿದ್ರ ಹಿಂಗ ಮಾಡ್ತಿದ್ದ. ದಿನಾ. ಎಣಸಿ ಎಣಸಿ ಸಾಕಾಗ್ಯದ." ನಕ್ಕ, ಆದರೆ ಕಣ್ಣು ಮುಚ್ಚಲಿಲ್ಲ. "ಖರೆ ಹೇಳು. ಇಲ್ಲಿ ಬಂದಾಗ ನನ್ನ ಬಗ್ಗೆ ಏನರ ಅಂತಾನೇನು?"

ಆ ಮುಖ ನನಗೆ ಗೊತ್ತಿತ್ತು. ಟ್ರಾಲಿಯಲ್ಲಿ ಬುತ್ತಿಯ ಬುಟ್ಟಿಗಳ ನಡುವೆ ಕುಳಿತು ಹೋದ ನನ್ನದೇ ಮುಖ ಅದು. ಸತ್ಯ ಹೇಳಿದ್ದರೆ ಅವನು ಹಾಡುತ್ತ ಹುಮನಾಬಾದ್ ಮುಟ್ಟುತ್ತಿದ್ದ.

"ಇಲ್ಲ," ಎಂದೆ. "ಏನೂ ಅನ್ನಂಗಿಲ್ಲ."

ಅವನು ಹೋದ. ಹೊಗೆ ತಗಡಿನ ಕೆಳಗೆ ಬಹಳ ಹೊತ್ತು ನಿಂತಿತ್ತು. ನಾನು ಪೆಟ್ಟಿಗೆಯ ತಳದಿಂದ ಲಾಳ ತೆಗೆದೆ, ಹುಣಸೆಹಣ್ಣು ತರಿಸಿ ತಿಕ್ಕಿ ತೊಳೆದೆ. ಶೆಡ್ಡಿನ ಬಾಗಿಲ ಮೇಲಿನ ಪಟ್ಟಿಗೆ ರಂಧ್ರ ಕೊರೆದೆ. ಉದ್ದನೆಯ ಬೋಲ್ಟ್ ಆರಿಸಿಕೊಂಡೆ, ಲಾಳದ ಹಿಂದೆ ಒಂದು ದಪ್ಪ ರಬ್ಬರ್ ಇಟ್ಟೆ, ಅದು ಸ್ವಲ್ಪ ಅಲುಗುವಷ್ಟು ಸಡಿಲ ಬಿಟ್ಟು ಬಿಗಿದೆ. ಸಂಜೆ ಶಟರ್ ಎಳೆದಾಗ ಇಡೀ ಬಾಗಿಲು ನಡುಗಿತು. ಲಾಳ ಸುಮ್ಮನೆ ಒಮ್ಮೆ ತೂಗಿ ನಿಂತಿತು.